ಲಯ ಕೇಳುವ ಮೊದಲು ಕ್ರಮಾಂಕ ಕೇಳಬೇಕು

2025ರ ಇಂಗ್ಲೆಂಡ್ ಪ್ರವಾಸದ ಐದನೆಯ ಟೆಸ್ಟ್ ಜುಲೈ 31ರಂದು ಓವಲ್‌ನಲ್ಲಿ ಆರಂಭವಾದಾಗ ಆಕಾಶದಲ್ಲಿ ಮೋಡವಿತ್ತು, ಪಿಚ್‌ನಲ್ಲಿ ಹಸಿರಿತ್ತು, ಟಾಸ್ ಸೋತ ಭಾರತ ಬ್ಯಾಟಿಂಗ್‌ಗೆ ಇಳಿಯಬೇಕಾಯಿತು. ಆ ಇನಿಂಗ್ಸ್ 224 ರನ್‌ಗಳಿಗೆ ಮುಗಿಯಿತು. ಅದರಲ್ಲಿ, 2016ರಲ್ಲಿ ತ್ರಿಶತಕ ಹೊಡೆದಿದ್ದ ಕರ್ನಾಟಕದ ಕರುಣ್ ನಾಯರ್ ಗಳಿಸಿದ 57 ರನ್‌ಗಳೇ ಎಲ್ಲರಿಗಿಂತ ಹೆಚ್ಚು. ಆಗಸ್ಟ್ 4ರ ಬೆಳಿಗ್ಗೆ ಮೊಹಮ್ಮದ್ ಸಿರಾಜ್ ಕೊನೆಯ ವಿಕೆಟ್ ಉರುಳಿಸಿದಾಗ ಭಾರತ ಗೆದ್ದದ್ದು ಕೇವಲ 6 ರನ್‌ಗಳಿಂದ, ಸರಣಿ ಸಮವಾದದ್ದು 2–2ರಿಂದ. ಮುಂದಿನ ಟೆಸ್ಟ್ ಸರಣಿ ಅಕ್ಟೋಬರ್‌ನಲ್ಲಿ, ತವರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಅದಕ್ಕೆ ಆಯ್ಕೆಯಾದ ತಂಡದಲ್ಲಿ ಕರುಣ್ ಹೆಸರು ಇರಲಿಲ್ಲ. ಅವರಿಂದ ಇನ್ನಷ್ಟು ನಿರೀಕ್ಷಿಸಿದ್ದೆವು ಎಂಬ ಅರ್ಥದ ಮಾತನ್ನು ಆಯ್ಕೆ ಸಮಿತಿಯ ಅಧ್ಯಕ್ಷ ಅಜಿತ್ ಅಗರ್ಕರ್ ಹೇಳಿದರು.

ಅಂದಿನಿಂದ ಕ್ರಿಕೆಟ್ ಬಲ್ಲ ಗೆಳೆಯರು ಸೇರಿದಲ್ಲೆಲ್ಲ ಈ ವಿಷಯ ಬರುತ್ತಲೇ ಇದೆ. ನಾಲ್ಕು ಟೆಸ್ಟ್, ಎಂಟು ಇನಿಂಗ್ಸ್, 205 ರನ್, ಸರಾಸರಿ 25.62, ಇಷ್ಟು ಅವಕಾಶ ಕೊಟ್ಟ ಮೇಲೆ ಇನ್ನೇನು ಕೊಡಬೇಕಿತ್ತು ಎಂದು ಒಬ್ಬರು ಕೇಳುತ್ತಾರೆ. ತ್ರಿಶತಕ ಹೊಡೆದವನನ್ನು ಎಂಟು ವರ್ಷ ಕಾಯಿಸಿ, ಕರೆದ ಮೊದಲ ಸರಣಿಯಲ್ಲೇ ಲೆಕ್ಕ ಚುಕ್ತಾ ಮಾಡುವುದು ಯಾವ ನ್ಯಾಯ ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ರನ್‌ಗಳನ್ನು ಕೂಡಿಸುತ್ತಾರೆಯೇ ಹೊರತು ಆ ರನ್‌ಗಳು ಬ್ಯಾಟಿಂಗ್ ಸರದಿಯ ಯಾವ ಕ್ರಮಾಂಕದಲ್ಲಿ, ಯಾವ ಹೊತ್ತಿನಲ್ಲಿ, ತಂಡ ವಹಿಸಿದ ಯಾವ ಕೆಲಸಕ್ಕಾಗಿ ಬಂದವು ಎಂದು ವಿಚಾರಿಸುವುದಿಲ್ಲ. ಲಯದ, ಅಂದರೆ ಆಟಗಾರನ ಫಾರ್ಮ್‌ನ, ಬಗ್ಗೆ ನಾವು ಮಾಡುವ ವಾದಗಳಲ್ಲಿ ಹೆಚ್ಚಿನವು ಹಳಿ ತಪ್ಪುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

ಆ ಎಂಟು ಇನಿಂಗ್ಸ್‌ಗಳನ್ನು ಬಿಡಿಸಿ ನೋಡೋಣ. ಹೆಡಿಂಗ್ಲೆಯ ಮೊದಲ ಟೆಸ್ಟ್‌ನಲ್ಲಿ ಕರುಣ್ ಆಡಿದ್ದು ಆರನೆಯ ಕ್ರಮಾಂಕದಲ್ಲಿ. ತಂಡ 3 ವಿಕೆಟ್‌ಗೆ 430 ರನ್ ತಲುಪಿದ ಮೇಲೆ ಅವರು ಕ್ರೀಸಿಗೆ ಬಂದರು, ಬೆನ್ ಸ್ಟೋಕ್ಸ್ ಎಸೆತವನ್ನು ಡ್ರೈವ್ ಮಾಡಿದರು, ಆಲಿ ಪೋಪ್ ಗಾಳಿಯಲ್ಲಿ ಹಾರಿ ಅದನ್ನು ಹಿಡಿದರು. ಎಂಟು ವರ್ಷಗಳ ನಂತರದ ಮೊದಲ ಇನಿಂಗ್ಸ್ ಸೊನ್ನೆಗೆ ಮುಗಿಯಿತು. ಎರಡನೆಯದರಲ್ಲಿ 20 ಬಂದವು. ಎಜ್‌ಬಾಸ್ಟನ್‌ನಲ್ಲಿ ಸಾಯಿ ಸುದರ್ಶನ್ ಅವರನ್ನು ಹೊರಗಿಟ್ಟು ಕರುಣ್‌ಗೆ ಮೂರನೆಯ ಕ್ರಮಾಂಕ ಕೊಟ್ಟರು. ಕೆ.ಎಲ್. ರಾಹುಲ್ ಬೇಗ ಔಟಾಗಿದ್ದರು. ಇಂಗ್ಲೆಂಡ್‌ನಲ್ಲಿ ಬಳಸುವ ಡ್ಯೂಕ್ಸ್ ಚೆಂಡು ಹೊಸದಿದ್ದಾಗ ಅದರ ಎದುರು ಯಶಸ್ವಿ ಜೈಸ್ವಾಲ್ ಜೊತೆಗೆ ನಿಂತು ಎರಡನೆಯ ವಿಕೆಟ್‌ಗೆ 80 ರನ್ ಸೇರಿಸಿದ ಕರುಣ್ 31ಕ್ಕೆ ಔಟಾದರು. ಎರಡನೆಯ ಇನಿಂಗ್ಸ್‌ನಲ್ಲಿ 26. ಲಾರ್ಡ್ಸ್‌ನಲ್ಲೂ ಮೂರನೆಯ ಕ್ರಮಾಂಕವೇ. ಜೋಫ್ರಾ ಆರ್ಚರ್ ಜೈಸ್ವಾಲ್ ಅವರನ್ನು ಕೂಡಲೇ ಪೆವಿಲಿಯನ್‌ಗೆ ಕಳಿಸಿದಾಗ ಒಳಬಂದು, ರಾಹುಲ್ ಜೊತೆ 61 ರನ್ ಕೂಡಿಸಿ, 40 ರನ್ ಆಗಿದ್ದಾಗ ಜೋ ರೂಟ್ ಸ್ಲಿಪ್‌ನಲ್ಲಿ ಎಡಕ್ಕೆ ಜಿಗಿದು ಒಂದೇ ಕೈಯಲ್ಲಿ ಹಿಡಿದ ಕ್ಯಾಚ್‌ಗೆ ಬಲಿಯಾದರು. ಟೆಸ್ಟ್ ಕ್ರಿಕೆಟ್‌ನಲ್ಲಿ ವಿಕೆಟ್ ಕೀಪರ್ ಅಲ್ಲದ ಫೀಲ್ಡರ್ ಒಬ್ಬರ ಅತಿ ಹೆಚ್ಚು ಕ್ಯಾಚ್‌ಗಳ ದಾಖಲೆ ರೂಟ್ ಪಾಲಾದದ್ದು ಆ ಕ್ಯಾಚ್‌ನಿಂದ. ಎರಡನೆಯ ಇನಿಂಗ್ಸ್‌ನಲ್ಲಿ ಬ್ರೈಡನ್ ಕಾರ್ಸ್ ಎಸೆತ ಒಳಗೆ ತಿರುಗುವುದನ್ನು ಅಂದಾಜಿಸದೆ ಬ್ಯಾಟ್ ಎತ್ತಿ ಬಿಟ್ಟು, 14ಕ್ಕೆ ಎಲ್‌ಬಿಡಬ್ಲ್ಯು ಆದರು. 193 ರನ್ ಬೆನ್ನಟ್ಟಿದ ಭಾರತ 22 ರನ್‌ಗಳಿಂದ ಸೋತ ಪಂದ್ಯ ಅದು. ಆ ಔಟಾದ ರೀತಿಯನ್ನು ಯಾರೂ ಸಮರ್ಥಿಸಲಾರರು, ನಾನೂ ಸಮರ್ಥಿಸುವುದಿಲ್ಲ.

ಮ್ಯಾಂಚೆಸ್ಟರ್‌ನಲ್ಲಿ ಅವರನ್ನು ಕೈಬಿಟ್ಟು ಸುದರ್ಶನ್‌ರನ್ನು ಮರಳಿ ತಂದರು. ಈ ಬದಲಾವಣೆಯಲ್ಲಿ ನನಗೆ ತಪ್ಪು ಕಾಣಲಿಲ್ಲ. ಮೂರನೆಯ ಕ್ರಮಾಂಕದ ಆಟಗಾರ ನಾಲ್ಕೂ ಇನಿಂಗ್ಸ್‌ಗಳಲ್ಲಿ ಕಣ್ಣು ಕುದುರುವಷ್ಟು ಹೊತ್ತು ಆಡಿ, ಒಂದರಲ್ಲೂ ಐವತ್ತು ದಾಟದಿದ್ದರೆ ತಂಡಕ್ಕೆ ಅದು ಕೊರತೆಯೇ, ಮತ್ತು ಸುದರ್ಶನ್ ಅಲ್ಲಿ 61 ರನ್ ಗಳಿಸಿ ಆ ನಿರ್ಧಾರಕ್ಕೆ ತಕ್ಕಮಟ್ಟಿಗೆ ಸಮರ್ಥನೆಯನ್ನೂ ಒದಗಿಸಿದರು. ಓವಲ್‌ನಲ್ಲಿ ಕರುಣ್ ಮತ್ತೆ ಬಂದರು, ಈ ಸಲ ಐದನೆಯ ಕ್ರಮಾಂಕಕ್ಕೆ. ಅಂದರೆ ಒಂದೇ ಸರಣಿಯ ನಾಲ್ಕು ಟೆಸ್ಟ್‌ಗಳಲ್ಲಿ ಮೂರು ಕ್ರಮಾಂಕಗಳು. ಆರರಲ್ಲಿ ಎರಡು ಇನಿಂಗ್ಸ್‌ಗೆ 20, ಮೂರರಲ್ಲಿ ನಾಲ್ಕು ಇನಿಂಗ್ಸ್‌ಗೆ 111, ಓವಲ್‌ನ ಎರಡು ಇನಿಂಗ್ಸ್‌ಗೆ 74 (ಅಲ್ಲಿ ಎರಡನೆಯ ಇನಿಂಗ್ಸ್‌ನಲ್ಲಿ ದಿನದ ಕೊನೆಗೆ ಆಕಾಶ್ ದೀಪ್ ಅವರನ್ನು ಮೇಲೆ ಕಳಿಸಿದ್ದರಿಂದ ಕರುಣ್ ಒಂದು ಸ್ಥಾನ ಕೆಳಗೆ ಇಳಿದರು). ಈ ಮೂರನ್ನೂ ಒಟ್ಟುಗೂಡಿಸಿ ಎಂಟರಿಂದ ಭಾಗಿಸಿದಾಗ ಬರುವ 25.62 ಎಂಬ ಸಂಖ್ಯೆ ಗಣಿತದಲ್ಲಿ ಸರಿಯೇ ಆದರೂ ಅದು ಯಾವ ಒಂದು ಕೆಲಸದ ಅಳತೆಯೂ ಅಲ್ಲ.

ಟೆಸ್ಟ್ ಪಂದ್ಯದಲ್ಲಿ ಕ್ರಮಾಂಕ ಬದಲಾದರೆ ಆಟವೇ ಬದಲಾಗುತ್ತದೆ ಎಂಬುದನ್ನು ಟಿ20 ನೋಡಿ ಬೆಳೆದ ಕಿರಿಯ ಗೆಳೆಯರಿಗೆ ವಿವರಿಸುವುದು ಕೆಲವೊಮ್ಮೆ ಕಷ್ಟವಾಗುತ್ತದೆ. ಇಂಗ್ಲೆಂಡ್‌ನಲ್ಲಿ ಮೂರನೆಯವನಾಗಿ ಇಳಿಯುವವನು ಹೊಸ ಚೆಂಡನ್ನು ಎದುರಿಸಲು ಸಿದ್ಧನಾಗಿಯೇ ಕಾಲಿಗೆ ಪ್ಯಾಡ್ ಕಟ್ಟಿ ಕೂರಬೇಕು. ಎರಡನೆಯ ಎಸೆತಕ್ಕೇ ಅವನ ಸರದಿ ಬರಬಹುದು, ಅಥವಾ ಎರಡು ಅವಧಿ ಕಾಯಬೇಕಾಗಬಹುದು. ಅವನ ಮೊದಲ ಗುಣ ಯಾವ ಚೆಂಡನ್ನು ಬಿಡಬೇಕೆಂಬ ತಿಳಿವಳಿಕೆ. ಆರನೆಯವನಿಗೆ ಹಳೆಯ ಚೆಂಡು, ಸ್ಪಿನ್ನರ್, ಎಂಬತ್ತು ಓವರ್ ಆದ ಮೇಲೆ ಬರುವ ಎರಡನೆಯ ಹೊಸ ಚೆಂಡು, ಜೊತೆಗೆ ಬೌಲರ್‌ಗಳನ್ನು ಕಟ್ಟಿಕೊಂಡು ರನ್ ಕೂಡಿಸುವ ಹೊಣೆ. ಒಂದರಲ್ಲಿ ಪಳಗಿದವನು ಇನ್ನೊಂದರಲ್ಲಿ ತಡವರಿಸಿದರೆ ಅದನ್ನು ಲಯ ಕಳೆದುಕೊಂಡದ್ದು ಎನ್ನಲಾಗದು.

ಕ್ರಮಾಂಕದ ಮಾತು ಬಂದಾಗ 2001ರ ಕೋಲ್ಕತ್ತ ನೆನಪಾಗದೆ ಇರದು. ಆಸ್ಟ್ರೇಲಿಯಾ ವಿರುದ್ಧದ ಆ ಸರಣಿಯಲ್ಲಿ ರಾಹುಲ್ ದ್ರಾವಿಡ್ ಅಲ್ಲಿಯವರೆಗೆ ಗಳಿಸಿದ್ದು 9, 39 ಮತ್ತು 25. ಫಾಲೋಆನ್ ಪಡೆದು, ಅಂದರೆ ಹಿನ್ನಡೆಯಿಂದಾಗಿ ಕೂಡಲೇ ಮತ್ತೆ ಬ್ಯಾಟ್ ಹಿಡಿಯಬೇಕಾಗಿ ಬಂದ ಭಾರತ ಎರಡನೆಯ ಇನಿಂಗ್ಸ್‌ನಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಅವರನ್ನು ಆರರಿಂದ ಮೂರಕ್ಕೆ ಏರಿಸಿ, ದ್ರಾವಿಡ್ ಅವರನ್ನು ಮೂರರಿಂದ ಆರಕ್ಕೆ ಇಳಿಸಿತು. ಲಕ್ಷ್ಮಣ್ 281, ದ್ರಾವಿಡ್ 180, ಇಬ್ಬರ ಜೊತೆಯಾಟ 376. ಪಂದ್ಯವನ್ನು ಭಾರತ 171 ರನ್‌ಗಳಿಂದ ಗೆದ್ದುಕೊಂಡಿತು. ಆ ಹೊತ್ತಿಗೆ ದ್ರಾವಿಡ್ ಅವರ ಲಯದ ಬಗ್ಗೆ ಕೇಳಿದ್ದರೆ ಮೂರು ಅಂಕಿಗಳನ್ನು ಓದಿ ತಲೆಯಾಡಿಸುವವರೇ ಹೆಚ್ಚಿರುತ್ತಿದ್ದರು. ತಂಡ ಮಾಡಿದ್ದು ಅವರನ್ನು ಬಿಡುವ ಕೆಲಸವನ್ನಲ್ಲ, ಆ ದಿನಕ್ಕೆ ಅವರಿಂದ ಬೇಕಾದ ಕೆಲಸ ಯಾವುದೆಂದು ಯೋಚಿಸುವ ಕೆಲಸವನ್ನು.

ಈ ವಾದವನ್ನು ನಾನು ಮುಂದಿಡುವಾಗಲೆಲ್ಲ ಎದುರಿಗಿರುವವರು ಕೆ.ಎಲ್. ರಾಹುಲ್ ಹೆಸರೆತ್ತುತ್ತಾರೆ, ಎತ್ತಬೇಕಾದದ್ದೂ ಸರಿಯೇ. ಏಕೆಂದರೆ ಕಳೆದ ಹತ್ತು ವರ್ಷಗಳಲ್ಲಿ ಭಾರತದ ಟೆಸ್ಟ್ ತಂಡದ ಆಯ್ಕೆಯ ಬಗ್ಗೆ ನಡೆದ ಅತ್ಯಂತ ಬಿರುಸಿನ ಚರ್ಚೆ ಅವರ ಸುತ್ತಲೇ ನಡೆದದ್ದು, ಮತ್ತು ಅದರ ಮೂರೂ ಮೂಲೆಗಳಲ್ಲಿ ಕರ್ನಾಟಕದವರೇ ಇದ್ದರು. 2023ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ ತಂಡ ಬಂದಾಗ ರಾಹುಲ್ ಉಪನಾಯಕ, ದ್ರಾವಿಡ್ ಕೋಚ್. ನಾಗಪುರದಲ್ಲಿ 20, ದೆಹಲಿಯಲ್ಲಿ 17 ಮತ್ತು 1. ಅದಕ್ಕೂ ಹಿಂದಿನವನ್ನು ಸೇರಿಸಿದರೆ ಸತತ ಹತ್ತು ಇನಿಂಗ್ಸ್‌ಗಳಲ್ಲಿ 23 ದಾಟಿರಲಿಲ್ಲ, ಹತ್ತರ ಮೊತ್ತ 125. ನಲವತ್ತೇಳು ಟೆಸ್ಟ್‌ಗಳ ನಂತರ ಸರಾಸರಿ 33.44. ಹಿಂದಿನ ವೇಗಿ ವೆಂಕಟೇಶ್ ಪ್ರಸಾದ್ ಬಹಿರಂಗವಾಗಿ, ಹಲವು ದಿನ, ರಾಹುಲ್ ಸ್ಥಾನವನ್ನು ಪ್ರಶ್ನಿಸಿದರು. ಆಯ್ಕೆ ಸಾಧನೆಯ ಆಧಾರದಲ್ಲಿ ಆಗುತ್ತಿಲ್ಲ ಎಂದರು, ಹೊರಗೆ ಕಾಯುತ್ತಿದ್ದವರ ಹೆಸರು ಹೇಳಿದರು. ವೀಕ್ಷಕ ವಿವರಣೆಗಾರ ಆಕಾಶ್ ಚೋಪ್ರಾ ವಿದೇಶಿ ನೆಲದ ಅಂಕಿಅಂಶ ಹಿಡಿದು ರಾಹುಲ್ ಪರ ನಿಂತರು. ದ್ರಾವಿಡ್ ತಮ್ಮ ಆರಂಭಿಕನ ಬೆನ್ನಿಗೆ ನಿಂತರು.

ಪ್ರಸಾದ್ ಮತ್ತು ದ್ರಾವಿಡ್ ಒಂದೇ ರಾಜ್ಯ ತಂಡದಲ್ಲಿ ಆಡಿದವರು. 1996ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಪ್ರಸಾದ್ ಮೊದಲ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದರೆ, ಅದೇ ಪಂದ್ಯದಲ್ಲಿ ಪದಾರ್ಪಣೆ ಮಾಡಿದ ದ್ರಾವಿಡ್ ಏಳನೆಯವರಾಗಿ ಇಳಿದು 95 ರನ್ ಗಳಿಸಿದ್ದರು. ಗಾಯಗೊಂಡ ಸಂಜಯ್ ಮಾಂಜ್ರೇಕರ್ ಆಡಲಾಗದ್ದರಿಂದ ತೆರೆದ ಬಾಗಿಲು ಅದು. ಇಂಥ ಇಬ್ಬರು, ಒಬ್ಬನೇ ಆಟಗಾರನ ಬಗ್ಗೆ ಎರಡು ತೀರ್ಮಾನಕ್ಕೆ ಬಂದಾಗ ಕರ್ನಾಟಕದ ಅಭಿಮಾನಿಗೆ ಪಕ್ಷ ಹಿಡಿಯುವುದು ಸುಲಭವಾಗಿರಲಿಲ್ಲ. ಪ್ರಸಾದ್ ತಮ್ಮ ರಾಜ್ಯದ ಹುಡುಗನನ್ನೇ ಟೀಕಿಸಿದರೆಂದು ಹಲವರು ಸಿಟ್ಟಾದರು. ನನಗೆ ಆ ಸಿಟ್ಟು ಅರ್ಥವಾಗಲಿಲ್ಲ. ಸ್ವಂತ ಊರಿನವನ ಬಗ್ಗೆ ನಿಷ್ಠುರವಾಗಿ ಮಾತಾಡಲು ಎದೆಗಾರಿಕೆ ಬೇಕು. ಅವರ ಪ್ರಶ್ನೆಯ ತಿರುಳು ನ್ಯಾಯವಾದದ್ದು, ಪಕ್ಷಪಾತದ ಆರೋಪವನ್ನು ಮಾತ್ರ ಅವರು ಸೇರಿಸಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನನ್ನ ವಾದಕ್ಕೆ ತೊಡಕಾಗುವ ಸಂಗತಿಯೂ ಇಲ್ಲಿಯೇ ಇದೆ. ಆ ಹತ್ತು ಇನಿಂಗ್ಸ್‌ಗಳಲ್ಲಿ ರಾಹುಲ್‌ಗೆ ಯಾರೂ ಕ್ರಮಾಂಕ ಬದಲಿಸಿರಲಿಲ್ಲ. ಆರಂಭಿಕನ ಜಾಗ ಅವರದೇ ಆಗಿತ್ತು, ಉಪನಾಯಕತ್ವವಿತ್ತು, ಬಾಂಗ್ಲಾದೇಶದಲ್ಲಿ ನಾಯಕತ್ವವೂ ಇತ್ತು, ಕೋಚ್‌ನ ವಿಶ್ವಾಸವಿತ್ತು. ಕೆಲಸ ಯಾವುದೆಂದು ಸ್ಪಷ್ಟವಿತ್ತು, ಕಾಲಾವಕಾಶವೂ ಸಿಕ್ಕಿತ್ತು, ಆದರೂ ರನ್ ಬರಲಿಲ್ಲ. ಹಾಗಾಗಿ ದೆಹಲಿಯ ನಂತರ ಅವರ ಉಪನಾಯಕ ಪಟ್ಟ ಹೋದದ್ದೂ, ಇಂದೋರ್‌ನಲ್ಲಿ ಶುಭಮನ್ ಗಿಲ್ ಆರಂಭಿಕರಾಗಿ ಬಂದದ್ದೂ ಸರಿಯಾದ ತೀರ್ಮಾನಗಳೇ. ಗಿಲ್ ಇಂದೋರ್‌ನಲ್ಲಿ 21 ಮತ್ತು 5 ಮಾತ್ರ ಗಳಿಸಿದರು, ಅಹಮದಾಬಾದ್‌ನಲ್ಲಿ 128 ಹೊಡೆದರು. ಇಂದೋರ್‌ನಲ್ಲಿ ಅವರು ವಿಫಲರಾದರೆಂದು ನಿರ್ಧಾರ ತಪ್ಪಾಗುತ್ತಿರಲಿಲ್ಲ, ಅಹಮದಾಬಾದ್‌ನಲ್ಲಿ ಗೆದ್ದರೆಂದು ಅದು ಹೆಚ್ಚು ಸರಿಯೂ ಆಗಲಿಲ್ಲ. ಆಯ್ಕೆಯನ್ನು ಅದರ ಫಲದಿಂದ ಅಳೆಯುವ ಚಟ ನಮಗೆಲ್ಲ ಇದೆ. ನಿರ್ಧಾರ ತೆಗೆದುಕೊಂಡ ದಿನ ಏನು ತಿಳಿದಿತ್ತೋ ಅದರಿಂದಲೇ ಅಳೆಯಬೇಕು.

ಚೋಪ್ರಾ ಹೇಳಿದ್ದರಲ್ಲೂ ಸತ್ಯವಿತ್ತು. ಅಂದಿಗೆ ರಾಹುಲ್ ಗಳಿಸಿದ್ದ ಏಳು ಟೆಸ್ಟ್ ಶತಕಗಳಲ್ಲಿ ಆರು ಹೊರನಾಡಿನವು: ಸಿಡ್ನಿ, ಕೊಲಂಬೊ, ಕಿಂಗ್‌ಸ್ಟನ್, ಓವಲ್, ಲಾರ್ಡ್ಸ್, ಸೆಂಚೂರಿಯನ್. ತವರಿನಲ್ಲಿ ಒಂದೇ, 2016ರ ಚೆನ್ನೈನ 199. ಇಂಥ ಆಟಗಾರನನ್ನು ನಾಗಪುರ, ದೆಹಲಿಯ ತಿರುಗುವ ಪಿಚ್‌ಗಳ ಆಧಾರದಲ್ಲಿ ಶಾಶ್ವತವಾಗಿ ಬರೆದುಹಾಕುವುದು ತಪ್ಪಾಗುತ್ತಿತ್ತು. ಅಂದು ಕೈಬಿಡುವುದು ಸರಿ, ಎಂದೆಂದಿಗೂ ಬಿಡುವುದು ತಪ್ಪು. ಈ ಎರಡೂ ಒಟ್ಟಿಗೆ ನಿಜವಾಗಿರಬಹುದು. ಅಭಿಮಾನಿಗಳ ಚರ್ಚೆಯಲ್ಲಿ ಇವೆರಡನ್ನೂ ಒಬ್ಬನೇ ಹೇಳಿದರೆ ಅವನನ್ನು ಎರಡೂ ಕಡೆಯವರು ಅನುಮಾನಿಸುತ್ತಾರೆ.

ರಾಹುಲ್ ಅವರ ಬಾಕಿ ವೃತ್ತಿಜೀವನವನ್ನು ಕ್ರಮಾಂಕದ ದೃಷ್ಟಿಯಿಂದ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. 2014ರ ಮೆಲ್ಬರ್ನ್ ಪದಾರ್ಪಣೆಯಲ್ಲಿ ಮೊದಲ ಇನಿಂಗ್ಸ್‌ಗೆ ಆರನೆಯವರು, ಎರಡನೆಯದಕ್ಕೆ ಮೂರನೆಯವರು. ಗಳಿಸಿದ್ದು 3 ಮತ್ತು 1. ಮುಂದಿನ ಟೆಸ್ಟ್‌ನಲ್ಲಿ ಸಿಡ್ನಿಯಲ್ಲಿ ತಮ್ಮದೇ ಆದ ಆರಂಭಿಕನ ಜಾಗಕ್ಕೆ ಬಂದರು, 110 ಹೊಡೆದರು. ಕೆಲವೇ ದಿನಗಳ ಅಂತರದಲ್ಲಿ ಅವರ ಲಯ ಬದಲಾಯಿತೆಂದು ನಂಬುವುದಕ್ಕಿಂತ ಅವರಿಗೆ ಒಗ್ಗುವ ಕೆಲಸ ಸಿಕ್ಕಿತೆಂದು ನಂಬುವುದು ನನಗೆ ಸುಲಭ. 2021ರಲ್ಲಿ ಟ್ರೆಂಟ್‌ಬ್ರಿಜ್ ಟೆಸ್ಟ್‌ಗೆ ಮುನ್ನ ನೆಟ್ಸ್‌ನಲ್ಲಿ ಮಯಂಕ್ ಅಗರವಾಲ್ ತಲೆಗೆ ಚೆಂಡು ಬಡಿದು ಅವರು ಹೊರಗುಳಿದಾಗ, ಸುಮಾರು ಎರಡು ವರ್ಷ ಟೆಸ್ಟ್ ಆಡದ ರಾಹುಲ್ ಆರಂಭಿಕರಾಗಿ 84 ಗಳಿಸಿ, ಮುಂದಿನ ಲಾರ್ಡ್ಸ್ ಟೆಸ್ಟ್‌ನಲ್ಲಿ 129 ಹೊಡೆದರು. 2023ರ ಡಿಸೆಂಬರ್‌ನಲ್ಲಿ ಸೆಂಚೂರಿಯನ್‌ನಲ್ಲಿ ವಿಕೆಟ್ ಕೀಪಿಂಗ್ ಹೊಣೆಯೊಂದಿಗೆ ಆರನೆಯವರಾಗಿ ಇಳಿದು, ತಂಡದ 245ರಲ್ಲಿ 101 ಅವರದಾಯಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಭಾರತ 46ಕ್ಕೆ ಆಲೌಟ್ ಆದಾಗ ಆರನೆಯವರಾಗಿ 0, ಆಮೇಲೆ 12. ಪುಣೆ ಟೆಸ್ಟ್‌ಗೆ ಹೊರಗೆ. ಒಂದೇ ತಿಂಗಳಲ್ಲಿ ಪರ್ತ್‌ನಲ್ಲಿ ರೋಹಿತ್ ಶರ್ಮಾ ಇರಲಿಲ್ಲವೆಂದು ಮತ್ತೆ ಆರಂಭಿಕ. ಎರಡನೆಯ ಇನಿಂಗ್ಸ್‌ನಲ್ಲಿ ಜೈಸ್ವಾಲ್ ಜೊತೆ 201 ರನ್‌ಗಳ ಜೊತೆಯಾಟದಲ್ಲಿ 77. ಬ್ರಿಸ್ಬೇನ್‌ನಲ್ಲಿ 84. ಅಷ್ಟಾದ ಮೇಲೂ ಮೆಲ್ಬರ್ನ್‌ನಲ್ಲಿ ರೋಹಿತ್ ಆರಂಭಿಕನ ಜಾಗಕ್ಕೆ ಮರಳಿದ್ದರಿಂದ ರಾಹುಲ್ ಮೂರಕ್ಕೆ ಇಳಿದು 24 ಮತ್ತು 0 ಗಳಿಸಿದರು.

2025ರ ಇಂಗ್ಲೆಂಡ್‌ನಲ್ಲಿ ಹತ್ತೂ ಇನಿಂಗ್ಸ್ ಅವರು ಆರಂಭಿಕರಾಗಿಯೇ ಆಡಿದರು. ಹೆಡಿಂಗ್ಲೆಯಲ್ಲಿ 137, ಲಾರ್ಡ್ಸ್‌ನಲ್ಲಿ 100, ಮ್ಯಾಂಚೆಸ್ಟರ್‌ನ ಎರಡನೆಯ ಇನಿಂಗ್ಸ್‌ನಲ್ಲಿ ಸೊನ್ನೆಗೆ ಎರಡು ವಿಕೆಟ್ ಬಿದ್ದಿದ್ದಾಗ ಗಿಲ್ ಜೊತೆ ನಿಂತು 90, ಒಟ್ಟು 532. ಕೊನೆಯ ಟೆಸ್ಟ್‌ನಲ್ಲಿ 14 ಮತ್ತು 7 ಗಳಿಸಿದಾಗ ಅವರ ಲಯದ ಬಗ್ಗೆ ಯಾರೂ ಕೇಳಲಿಲ್ಲ. ರೋಹಿತ್ ನಿವೃತ್ತರಾಗಿದ್ದರು, ಆ ಜಾಗಕ್ಕೆ ಬೇರೆ ಹಕ್ಕುದಾರರಿರಲಿಲ್ಲ, ಇವರ ಮನಸ್ಸಿನಲ್ಲೂ ಗೊಂದಲವಿರಲಿಲ್ಲ. ಆ ಸರಣಿಯುದ್ದಕ್ಕೂ ಅವರು ಹೊರ ಹೋಗುವ ಚೆಂಡನ್ನು ಬಿಡುತ್ತಿದ್ದ ಪರಿ, ದೇಹಕ್ಕೆ ಹತ್ತಿರ ಬಂದಾಗ ಮಾತ್ರ ಬ್ಯಾಟ್ ತಾಗಿಸುತ್ತಿದ್ದ ತಾಳ್ಮೆ, ನಮ್ಮಂಥವರಿಗೆ ಬಹುಕಾಲ ನೆನಪಿನಲ್ಲುಳಿಯುವಂಥದ್ದು.

ಕರ್ನಾಟಕದ ವೇಗಿ ಪ್ರಸಿದ್ಧ ಕೃಷ್ಣ ಅವರದು ಅದೇ ಸರಣಿಯ ಮೂರನೆಯ ಕಥೆ. ಹೆಡಿಂಗ್ಲೆಯ ಮೊದಲ ಇನಿಂಗ್ಸ್‌ನಲ್ಲಿ 20 ಓವರ್‌ಗೆ 128 ರನ್ ಬಿಟ್ಟುಕೊಟ್ಟು ಮೂರು ವಿಕೆಟ್, ಎಜ್‌ಬಾಸ್ಟನ್‌ನ ಮೊದಲ ಇನಿಂಗ್ಸ್‌ನಲ್ಲಿ 72 ರನ್ ಕೊಟ್ಟು ಒಂದೂ ಇಲ್ಲ. ಪದೇ ಪದೇ ಚೆಂಡನ್ನು ಬ್ಯಾಟರ್‌ನಿಂದ ದೂರದಲ್ಲೇ ನೆಲಕ್ಕೆ ಹಾಕಿ (ಶಾರ್ಟ್ ಎಸೆದು) ಪುಲ್ ಹೊಡೆತಕ್ಕೆ ಸಿಕ್ಕಿದರು. ಲಾರ್ಡ್ಸ್‌ಗೆ ಜಸ್‌ಪ್ರೀತ್ ಬೂಮ್ರಾ ಮರಳಿದಾಗ ಇವರು ಹೊರಗುಳಿದರು. ಇವರ ಟೆಸ್ಟ್ ಬದುಕು ಮುಗಿಯಿತು ಎಂದವರು ನನ್ನ ಗೆಳೆಯರಲ್ಲೇ ಇದ್ದರು. ಓವಲ್‌ನಲ್ಲಿ ಬೂಮ್ರಾ ಇಲ್ಲದಾಗ ಮತ್ತೆ ಕರೆದರು. 62ಕ್ಕೆ ನಾಲ್ಕು, 126ಕ್ಕೆ ನಾಲ್ಕು, ಪಂದ್ಯದಲ್ಲಿ ಎಂಟು. ಎತ್ತರದ ಬೌಲರ್‌ಗೆ ನೆರವಾಗುವ ಪಿಚ್‌ನಲ್ಲಿ ಅವರು ಚೆಂಡನ್ನು ನೆಲಕ್ಕೆ ಹಾಕುವ ಅಳತೆಯೂ ಸುಧಾರಿಸಿತ್ತು. ಅದೇ ವರ್ಷದ ಜನವರಿಯಲ್ಲಿ ಸಿಡ್ನಿಯಲ್ಲಿ ಆರು ವಿಕೆಟ್ ಪಡೆದವನಲ್ಲಿ ಇನ್ನೂ ಏನೋ ಇದೆಯೆಂದು ತಂಡದವರು ನಂಬಿದ್ದರು, ಆ ನಂಬಿಕೆಗೆ ಆಧಾರವೂ ಇತ್ತು.

ಸ್ಪಿನ್ನರ್ ಕುಲದೀಪ್ ಯಾದವ್ ಐದರಲ್ಲಿ ಒಂದು ಟೆಸ್ಟ್‌ನಲ್ಲೂ ಆಡಲಿಲ್ಲವೆಂಬ ದೂರು ದೇಶದ ಎಲ್ಲೆಡೆ ಇತ್ತು. ಎಂಟನೆಯ ಕ್ರಮಾಂಕದವರೆಗೂ ಬ್ಯಾಟ್ ಹಿಡಿಯಬಲ್ಲವರು ಬೇಕೆಂದು ತಂಡ ಬಯಸಿತು, ಮ್ಯಾಂಚೆಸ್ಟರ್‌ನಲ್ಲಿ ವಾಷಿಂಗ್ಟನ್ ಸುಂದರ್ ಮತ್ತು ರವೀಂದ್ರ ಜಡೇಜ ಇಬ್ಬರೂ ಅಜೇಯ ಶತಕ ಹೊಡೆದು ಸೋಲು ತಪ್ಪಿಸಿದರು. ಆದರೆ ಅದೇ ಪಂದ್ಯದಲ್ಲಿ ಇಂಗ್ಲೆಂಡ್ 669 ರನ್ ಪೇರಿಸಿತು. ವಿಕೆಟ್ ಕೀಳುವ ಸ್ಪಿನ್ನರ್ ಇದ್ದಿದ್ದರೆ ಹಾಗೆ ರಕ್ಷಿಸಿಕೊಳ್ಳುವ ಸ್ಥಿತಿಯೇ ಬರುತ್ತಿರಲಿಲ್ಲವೇನೋ. ನಾನಾಗಿದ್ದರೆ ಅಲ್ಲಿ ಕುಲದೀಪ್‌ರನ್ನು ಆಡಿಸುತ್ತಿದ್ದೆ.

ಮತ್ತೆ ಕರುಣ್‌ಗೆ ಬರುತ್ತೇನೆ, ಏಕೆಂದರೆ ನನ್ನ ಮನಸ್ಸಿನ ಭಾರ ಇರುವುದು 2025ರಲ್ಲಿ ಅಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ, ತಮ್ಮ ಮೂರನೆಯ ಟೆಸ್ಟ್‌ನಲ್ಲಿ, ಅವರು ಇಂಗ್ಲೆಂಡ್ ವಿರುದ್ಧ ಅಜೇಯ 303 ಗಳಿಸಿದರು. ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕವಾಗಿಸಿದವರು ಅದಕ್ಕೂ ಮುನ್ನ ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್ ಮಾತ್ರ. ಭಾರತ 7 ವಿಕೆಟ್‌ಗೆ 759 ರನ್ ಗಳಿಸಿತು. ರಾಹುಲ್‌ರ 199 ಕೂಡ ಅದೇ ಇನಿಂಗ್ಸ್‌ನದು. ಮುಂದಿನ ಟೆಸ್ಟ್ ಹೈದರಾಬಾದ್‌ನಲ್ಲಿ ಬಾಂಗ್ಲಾದೇಶದ ಎದುರು. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ಮರಳಿದರು, ಕರುಣ್ ಹೊರಗುಳಿದರು. ಒಂದು ಪಂದ್ಯದ ಆಟ ಎರಡು ವರ್ಷಗಳ ಶ್ರಮವನ್ನು ಮರೆಮಾಚಲಾರದು ಎಂದು ನಾಯಕ ವಿರಾಟ್ ಕೊಹ್ಲಿ ವಿವರಿಸಿದರು. ಆಗ ಕರ್ನಾಟಕದಲ್ಲಿ ಎದ್ದ ಆಕ್ರೋಶ ದೊಡ್ಡದು. ಆದರೂ ಕೊಹ್ಲಿ ಹೇಳಿದ್ದು ನನಗೆ ಒಪ್ಪಿಗೆ. ಗಾಯದಿಂದ ಹೊರಗೆ ಹೋದವನ ಜಾಗ ಅವನಿಗೇ ಸಿಗಬೇಕೆಂಬ ನಿಯಮವಿಲ್ಲದಿದ್ದರೆ ಯಾವ ಆಟಗಾರನೂ ಗಾಯವನ್ನು ಬಾಯಿಬಿಟ್ಟು ಹೇಳಲಾರ. ಆಮೇಲೆ ಆಸ್ಟ್ರೇಲಿಯಾ ವಿರುದ್ಧ ಕರುಣ್‌ಗೆ ಮೂರು ಟೆಸ್ಟ್ ಸಿಕ್ಕವು. ಬೆಂಗಳೂರಿನಲ್ಲಿ 26 ಮತ್ತು 0, ರಾಂಚಿಯಲ್ಲಿ 23, ಧರ್ಮಶಾಲಾದಲ್ಲಿ 5. ಆ ಸರಣಿಯಲ್ಲಿ ರಾಹುಲ್ ಏಳು ಇನಿಂಗ್ಸ್‌ಗಳಲ್ಲಿ ಆರು ಅರ್ಧಶತಕ ಹೊಡೆದು 393 ಗಳಿಸಿದ್ದರು. ಕರುಣ್ ಸ್ಥಾನ ಕಳೆದುಕೊಂಡದ್ದರಲ್ಲಿ ಅಲ್ಲಿಯವರೆಗೂ ಅನ್ಯಾಯವಿಲ್ಲ.

ಅನ್ಯಾಯವಾದದ್ದು 2018ರ ಇಂಗ್ಲೆಂಡ್‌ನಲ್ಲಿ. ಸರಣಿಯ ಆರಂಭದಿಂದಲೂ ತಂಡದೊಂದಿಗಿದ್ದ ಕರುಣ್‌ರನ್ನು ಒಂದೂ ಟೆಸ್ಟ್‌ನಲ್ಲಿ ಆಡಿಸಲಿಲ್ಲ. ಕೊನೆಯ ಎರಡು ಟೆಸ್ಟ್‌ಗಳಿಗೆಂದು ತಂಡ ಸೇರಿದ ಹನುಮ ವಿಹಾರಿ ಓವಲ್‌ನಲ್ಲಿ ಪದಾರ್ಪಣೆ ಮಾಡಿ 56 ಗಳಿಸಿದರು. ವಿಹಾರಿ ಅರ್ಹರೇ, ಅವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಬೆಂಚಿನ ಮೇಲೆ ತಿಂಗಳುಗಟ್ಟಲೆ ಕಾದವನನ್ನು ದಾಟಿ ಹಿಂದೆ ಬಂದವನನ್ನು ಆಡಿಸಿ, ಅದರ ಮುಂದಿನ ಸರಣಿಯಲ್ಲಿ ತಂಡದಿಂದಲೇ ಬಿಟ್ಟದ್ದು ಯಾವ ಲೆಕ್ಕ? ಅವರು ವಿಫಲರಾಗಿರಲಿಲ್ಲ, ವಿಫಲರಾಗಲು ಒಂದು ಇನಿಂಗ್ಸ್ ಕೂಡ ಸಿಕ್ಕಿರಲಿಲ್ಲ. ಆರು ಟೆಸ್ಟ್, 374 ರನ್, ಸರಾಸರಿ 62.33 ಎಂಬ ಸಾಲು ಅಲ್ಲಿಂದ ಇನ್ನೂ ಏಳು ವರ್ಷ ಹಾಗೆಯೇ ಉಳಿಯಿತು. ರಾಹುಲ್‌ಗೆ 2023ರಲ್ಲಿ ಕೆಲಸವನ್ನೂ ಕಾಲವನ್ನೂ ಕೊಟ್ಟು ಆಮೇಲೆ ತೀರ್ಪು ಕೊಟ್ಟರು. ಕರುಣ್‌ಗೆ 2018ರಲ್ಲಿ ತೀರ್ಪು ಮಾತ್ರ ಕೊಟ್ಟರು.

ಇದನ್ನು ಹೇಳುವಾಗ ಕರ್ನಾಟಕದವರಾದ ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಕು. ರಾಷ್ಟ್ರೀಯ ಆಯ್ಕೆಗಾರರನ್ನು ದೂರುವ ನಮ್ಮ ರಾಜ್ಯದ ರಣಜಿ ತಂಡದಲ್ಲೇ 2022–23ರಲ್ಲಿ ಕರುಣ್‌ಗೆ ಜಾಗವಿರಲಿಲ್ಲ. ಕ್ರಿಕೆಟ್ ತನಗೆ ಇನ್ನೊಂದು ಅವಕಾಶ ಕೊಡಲಿ ಎಂದು ಅವರು ಸಾರ್ವಜನಿಕವಾಗಿ ಬೇಡಿದ್ದು ಆ ದಿನಗಳಲ್ಲೇ. ಆಮೇಲೆ ಅವರಿಗೆ ಆಸರೆ ಕೊಟ್ಟದ್ದು ವಿದರ್ಭ. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಂದಿಗೆ 779 ರನ್, ಅದೇ ಋತುವಿನ ರಣಜಿಯಲ್ಲಿ 863 ರನ್, ನಾಗಪುರದಲ್ಲಿ ಕೇರಳದ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135. ವಡೋದರದ ಹಜಾರೆ ಫೈನಲ್‌ನಲ್ಲಿ ಅವರು ನಾಯಕರಾಗಿದ್ದ ವಿದರ್ಭವನ್ನು ಕರ್ನಾಟಕ ಸೋಲಿಸಿತು. ಅಂದು ಕರ್ನಾಟಕ ಗೆದ್ದ ಸಂತೋಷದ ಜೊತೆಗೇ ಎದುರು ತಂಡದ ನಾಯಕನಿಗಾಗಿ ಮರುಗಿದವರು ಹಲವರಿದ್ದರು, ನಾನೂ ಅವರಲ್ಲೊಬ್ಬ. ರಾಜ್ಯಾಭಿಮಾನ ತಪ್ಪಲ್ಲ. ಆದರೆ ನಮ್ಮವರು ಎಂಬುದು ವಾದವಾಗಲಾರದು. 2018ರ ಮೆಲ್ಬರ್ನ್‌ನಲ್ಲಿ ಲಯ ಕಳೆದುಕೊಂಡ ರಾಹುಲ್ ಹೊರಗುಳಿದು ಮಯಂಕ್ ಪದಾರ್ಪಣೆ ಮಾಡಿ 76 ಹೊಡೆದಾಗ, ಟ್ರೆಂಟ್‌ಬ್ರಿಜ್‌ನಲ್ಲಿ ಅದು ತಿರುಗುಮುರುಗಾದಾಗ, ನಮ್ಮವರು ಯಾರೆಂದು ಹೇಳುವುದು? 21 ಟೆಸ್ಟ್‌ಗಳಲ್ಲಿ 41.33 ಸರಾಸರಿ ಇರುವ ಮಯಂಕ್ 2022ರ ಮಾರ್ಚ್‌ನ ಬೆಂಗಳೂರು ಟೆಸ್ಟ್ ನಂತರ ಭಾರತಕ್ಕೆ ಟೆಸ್ಟ್ ಆಡಿಲ್ಲ. ಅವರ ಬಗ್ಗೆ ಯಾರೂ ಚರ್ಚಿಸುವುದೂ ಇಲ್ಲ.

ರನ್‌ಗಳ ತೂಕದ ಬಗ್ಗೆ ಒಂದು ಮಾತು. 1975ರ ಜನವರಿಯಲ್ಲಿ ಚೆನ್ನೈನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ದಿನ ಭಾರತದ 190ರಲ್ಲಿ ಗುಂಡಪ್ಪ ವಿಶ್ವನಾಥ್ ಅಜೇಯ 97 ಗಳಿಸಿದರು. ಆ ಇನಿಂಗ್ಸ್‌ಗೆ ಶತಕಗಳ ಪಟ್ಟಿಯಲ್ಲಿ ಜಾಗವಿಲ್ಲ, ಆದರೆ ಅದನ್ನು ಬಲ್ಲವರು ಅವರ ಎಷ್ಟೋ ಶತಕಗಳಿಗಿಂತ ಮೇಲೆ ಇಡುತ್ತಾರೆ. 1969ರಲ್ಲಿ ಕಾನ್ಪುರದ ಪದಾರ್ಪಣೆಯಲ್ಲಿ ಅವರು ಸೊನ್ನೆಗೆ ಔಟಾಗಿ, ಎರಡನೆಯ ಇನಿಂಗ್ಸ್‌ನಲ್ಲಿ 137 ಹೊಡೆದದ್ದೂ ಇದೇ ನಾಡಿನ ನೆನಪು. ಕರುಣ್ ಅವರ 57 ಆ ಎತ್ತರದ್ದು ಎಂದು ನಾನು ಹೇಳುತ್ತಿಲ್ಲ. ಆದರೆ 153ಕ್ಕೆ ಆರು ವಿಕೆಟ್ ಬಿದ್ದಿದ್ದ ಹಸಿರು ಪಿಚ್‌ನಲ್ಲಿ, 6 ರನ್‌ಗಳಿಂದ ಗೆದ್ದ ಪಂದ್ಯದಲ್ಲಿ ಬಂದ ಆ ರನ್‌ಗಳನ್ನು 205ರ ಒಂದು ಭಾಗವಾಗಿ ಮಾತ್ರ ಎಣಿಸುವುದು ಸರಿಯಲ್ಲ. ಆ ಇನಿಂಗ್ಸ್‌ನಲ್ಲೇ ಕರುಣ್ ಹೊಡೆದ ಚೆಂಡನ್ನು ಬೌಂಡರಿ ಗೆರೆಯ ಬಳಿ ತಡೆಯಲು ಹೋದ ಇಂಗ್ಲೆಂಡ್‌ನ ಕ್ರಿಸ್ ವೋಕ್ಸ್ ಭುಜಕ್ಕೆ ಪೆಟ್ಟು ಮಾಡಿಕೊಂಡು ಬಿದ್ದಾಗ, ಇನ್ನೊಂದು ರನ್ ಓಡಬಹುದಿದ್ದರೂ ಕರುಣ್ ಓಡಲಿಲ್ಲ.

ವೆಸ್ಟ್ ಇಂಡೀಸ್ ಸರಣಿಗೆ ಅವರನ್ನು ಬಿಟ್ಟದ್ದಕ್ಕೆ ಸಮಿತಿಗೆ ಕಾರಣಗಳಿರಬಹುದು. ಕರುಣ್‌ಗೆ ಮೂವತ್ಮೂರು ದಾಟಿತ್ತು, ಸುದರ್ಶನ್ ಮತ್ತು ಕರ್ನಾಟಕದ ದೇವದತ್ತ ಪಡಿಕ್ಕಲ್ ಇಬ್ಬರೂ ಎಷ್ಟೋ ಕಿರಿಯರು, ತಂಡ ಮುಂದಿನ ವರ್ಷಗಳತ್ತ ನೋಡುತ್ತಿತ್ತು. ಹಾಗಿದ್ದರೆ ಆ ಕಾರಣವನ್ನೇ ನೇರವಾಗಿ ಹೇಳಬಹುದಿತ್ತು. ಮೂರು ಕ್ರಮಾಂಕಗಳಲ್ಲಿ ಹಂಚಿಹೋದ ಎಂಟು ಇನಿಂಗ್ಸ್‌ಗಳ ಮೇಲೆ ನಿರೀಕ್ಷೆಯ ಭಾರ ಹೊರಿಸುವ ಅಗತ್ಯವಿರಲಿಲ್ಲ. ಕರುಣ್ ಕರ್ನಾಟಕಕ್ಕೆ ಮರಳಿದರು. 2025ರ ಅಕ್ಟೋಬರ್ ಕೊನೆಯಲ್ಲಿ ಶಿವಮೊಗ್ಗದಲ್ಲಿ ಗೋವಾ ವಿರುದ್ಧ ರಣಜಿಯಲ್ಲಿ ಅಜೇಯ 174 ಹೊಡೆದರು.

ಈಗ ನನ್ನ ಗಮನ ಪಡಿಕ್ಕಲ್ ಮೇಲೆ ಇದೆ. 2024ರ ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ನಾಲ್ಕನೆಯವರಾಗಿ ಪದಾರ್ಪಣೆ ಮಾಡಿ 65 ಗಳಿಸಿದರು. ಅವರ ಎರಡನೆಯ ಟೆಸ್ಟ್ ಅದೇ ವರ್ಷದ ನವೆಂಬರ್‌ನಲ್ಲಿ ಪರ್ತ್‌ನಲ್ಲಿ, ಗಾಯಗೊಂಡ ಗಿಲ್ ಬದಲು ಮೂರನೆಯವರಾಗಿ. 23 ಎಸೆತ ಎದುರಿಸಿ 0, ಆಮೇಲೆ 25. ಅಡಿಲೇಡ್‌ಗೆ ಗಿಲ್ ಮರಳಿದರು, ಇವರು ಹೊರಗೆ ಕುಳಿತರು. ಎರಡು ಟೆಸ್ಟ್, ಎರಡು ಕ್ರಮಾಂಕ, ನಡುವೆ ಎಂಟು ತಿಂಗಳು. ಇವರನ್ನು ಮುಂದೆ ಆಡಿಸುವುದಾದರೆ ಯಾವ ಕ್ರಮಾಂಕಕ್ಕೆ, ಎಷ್ಟು ಟೆಸ್ಟ್‌ಗಳಿಗೆ ಎಂಬುದನ್ನು ಸಮಿತಿ ಅವರಿಗಾದರೂ ಮೊದಲೇ ತಿಳಿಸಲಿ. ಅವರು ಎರಡು ಇನಿಂಗ್ಸ್‌ನಲ್ಲಿ ಎಡವಿದ ಕೂಡಲೇ ಅವರ ಲಯದ ಬಗ್ಗೆ ಮಾತು ಶುರುವಾಗುತ್ತದೆ. ಆಗ ನನ್ನ ಗೆಳೆಯರನ್ನು ನಾನು ಕೇಳುವ ಮೊದಲ ಪ್ರಶ್ನೆ, ಅವರನ್ನು ಎಲ್ಲಿ ಆಡಿಸಿದರು ಎಂಬುದೇ.